ಮಂಜಿನ ಬಾಗಿಲಿನ ಆಚೆ

ಹಲ್ಲಿನ ಸೆಟ್ಟು ಮಾಡುವವರಿಗೆ ಅವಸರ ಆಗಿಬರುವುದಿಲ್ಲ. ಕ್ಲಿನಿಕ್ಕಿನಿಂದ ಬಂದ ಬಾಯಿಯ ಅಚ್ಚಿಗೆ ಪ್ಲಾಸ್ಟರು ಸುರಿಯಬೇಕು, ಒಳಗೆ ಒಂದು ಗಾಳಿಗುಳ್ಳೆಯೂ ಉಳಿಯದ ಹಾಗೆ ತಟ್ಟಿ ತಟ್ಟಿ ಹೊರಡಿಸಬೇಕು, ಗಟ್ಟಿಯಾಗುವ ತನಕ ಮುಟ್ಟದೆ ಕೂರಬೇಕು. ಆಮೇಲೆ ಮೇಣದ ಒಸಡು ಕಟ್ಟಿ, ಒಂದೊಂದೇ ಹಲ್ಲು ನಿಲ್ಲಿಸಿ, ಎಂದೂ ಕಾಣದ ಯಾರದೋ ನಗು ಹೇಗಿದ್ದೀತು ಎಂದು ಊಹಿಸಬೇಕು. ಈ ಕೆಲಸವನ್ನು ಒಂದು ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ ಕೂತು, ತಲೆ ನರೆಯುವ ತನಕ ಮಾಡಿಕೊಂಡು ಬಂದ ಮನುಷ್ಯನನ್ನು ಲ್ಯಾಬಿನಲ್ಲಿ ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಅವನು ಯಾರಿಗೂ ಪಾಠ ಹೇಳಿದವನಲ್ಲ. ಮಾತು ಕಡಿಮೆ, ಕನ್ನಡಕ ದಪ್ಪ. ಜನಕ್ಕೆ ಅಷ್ಟು ಸಾಕಾಯಿತು.

ಇಂಥವನ ಕೈಗೆ ಈ ವಯಸ್ಸಿನಲ್ಲಿ ಒಂದು ಕತ್ತಿ ಬಂತು. ಕೊಟ್ಟವಳು ಮಗಳು.

ಅವನೂ ಹೆಂಡತಿಯೂ ಬೇರೆಯಾಗಿ ಕೆಲವು ವರ್ಷಗಳಾಗಿದ್ದವು. ಜಗಳವಾಡಿ ಊರು ಸೇರಿಸಿದವರಲ್ಲ. ಒಂದೇ ಮನೆಯಲ್ಲಿ ಇಬ್ಬರು ಬಾಡಿಗೆದಾರರಂತೆ ಬದುಕಿ ಬದುಕಿ ಸಾಕಾಗಿ, ಒಂದು ದಿನ ಅವಳು ಮಗಳನ್ನು ಕರೆದುಕೊಂಡು ತನಗೆ ಕೆಲಸವಿದ್ದ ಊರಿಗೆ ಹೋದಳು. ಮಗಳ ಜೊತೆ ಪ್ರತಿ ಭಾನುವಾರ ಫೋನು. ಅದೂ ತಾಯಿಯ ಫೋನು, ಸ್ಪೀಕರ್ ಹಾಕಿ ಊಟದ ಮೇಜಿನ ಮೇಲಿಟ್ಟದ್ದು. ಸ್ಕೂಲ್ ಹೇಗಿದೆ ಎಂದರೆ ಚೆನ್ನಾಗಿದೆ, ಹುಷಾರಾಗಿದ್ದೀಯಾ ಎಂದರೆ ಹೂಂ. ಇವನಿಗೋ ಮೂರನೆಯ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಬಾಯಿಯ ಕೆಲಸವನ್ನೇ ಮಾಡುವವನಿಗೆ ಬಾಯಿ ಇರಲಿಲ್ಲ ಎಂದು ಅವನ ಅಕ್ಕ ಆಡಿಕೊಳ್ಳುತ್ತಿದ್ದಳು.

ರಜೆಯಲ್ಲಿ ಒಂದು ವಾರ ಬಂದಿದ್ದಾಗ ಮಗಳೇ ಅವನ ಮೊಬೈಲಿಗೆ ಆ ಆಟ ಹಾಕಿಕೊಟ್ಟಳು. ದೊಡ್ಡ ಬಯಲು, ಕಾಡು, ಕೋಟೆ. ಎಲ್ಲೆಲ್ಲಿಯದೋ ಸಾವಿರಾರು ಜನ ಒಬ್ಬೊಬ್ಬ ವೀರನ ವೇಷ ಹಾಕಿಕೊಂಡು ಒಳಗೆ ಓಡಾಡುತ್ತಿರುತ್ತಾರೆ. ಮಗಳು ಬಿಲ್ಲು ಹಿಡಿದ ಹುಡುಗಿ, ಹೆಸರು ಮಿಂಚುಳ್ಳಿ. ಅಪ್ಪನಿಗೆ ಕತ್ತಿ ಗುರಾಣಿ ಕೊಟ್ಟು, ಅವನು ಗೋಡೆಗೆ ಮುಖ ಕೊಟ್ಟು ಎಷ್ಟೋ ಹೊತ್ತು ಓಡಿದ್ದನ್ನು ನೋಡಿ ನಕ್ಕು ನಕ್ಕು ಸುಸ್ತಾಗಿ, ಆಮೆ ಎಂದು ಹೆಸರಿಟ್ಟಳು.

ಅವಳು ವಾಪಸ್ಸು ಹೋದ ಮೇಲೆ ನಡೆದದ್ದೇ ಆಶ್ಚರ್ಯ. ಫೋನಿನಲ್ಲಿ ಹೂಂ ಎನ್ನುವ ಹುಡುಗಿ ಆಟದೊಳಗೆ ಬಾಯ್ತುಂಬ ಮಾತಾಡಿದಳು. ಸಂಜೆ ಶಾಲೆ ಬಿಟ್ಟ ಮೇಲೆ ಅವಳು ಟ್ಯಾಬ್ ತೆರೆಯುವ ಹೊತ್ತು, ಲ್ಯಾಬಿನಲ್ಲಿ ಚಹಾದ ಹೊತ್ತು. ಇಬ್ಬರೂ ಬಯಲಿನಲ್ಲಿ ಗಿಡಮೂಲಿಕೆ ಕೀಳುತ್ತ ನಡೆಯುವರು, ಅವಳು ಬರೆಯುವಳು. ಗೆಳತಿ ಮಾತು ಬಿಟ್ಟದ್ದು, ಲೆಕ್ಕದ ಮಿಸ್ಸು ಎಲ್ಲರೆದುರು ಎಬ್ಬಿಸಿ ನಿಲ್ಲಿಸಿದ್ದು, ಒಂದೊಂದು ಸಲ ಕಾರಣವಿಲ್ಲದೆ ಅಳು ಬರುವುದು. ಮುಖ ಕಾಣದೆ, ಕೈಗೊಂದು ಕೆಲಸವಿದ್ದು, ಪಕ್ಕಪಕ್ಕದಲ್ಲಿ ನಡೆಯುವಾಗ ಇವನಿಗೂ ಮಾತು ಬಂತು. ಬರೆದ, ಅಳಿಸಿದ, ಮತ್ತೆ ಬರೆದ. ನಾನೂ ಸ್ಕೂಲಲ್ಲಿ ಬೆಂಚಿನ ಮೇಲೆ ನಿಂತಿದ್ದೆ ಪುಟ್ಟಿ ಎಂದು ಬರೆದ ದಿನ ಅವಳು, "ನೀನಾ? ನಂಬಲ್ಲ!" ಎಂದು ಕುಣಿಯುವ ಬೊಂಬೆಯೊಂದನ್ನು ಕಳಿಸಿದಳು. ಆ ದಿನ ಅವನು ಪಾಲಿಶ್ ಚಕ್ರದ ಮುಂದೆ ನಿಂತು ಶಿಳ್ಳೆ ಹಾಕಿದ್ದನ್ನು ಲ್ಯಾಬಿನವರು ಕಣ್ಣರಳಿಸಿ ನೋಡಿದರು.

ಆದರೆ ಆಟ ಮಾಡಿದ ಪುಣ್ಯಾತ್ಮರಿಗೆ ಯಾರಾದರೂ ಒಂದು ಕಡೆ ಸುಮ್ಮನೆ ನಡೆದುಕೊಂಡಿದ್ದರೆ ಹೊಟ್ಟೆ ಉರಿ. ಹೊಸ ಋತು ಬಂತು, ಹೊಸ ಸೀಮೆ ತೆರೆದೆವು ಎಂದು ತಮಟೆ ಹೊಡೆದರು. ಬಯಲಿನ ಉತ್ತರದ ತುದಿಯಲ್ಲಿ ಮಂಜಿನ ಬಾಗಿಲು. ದಾಟಿದರೆ ಹಿಮದ ನಾಡು. ಮಗಳ ತರಗತಿಯ ಹುಡುಗಿಯರೆಲ್ಲ ಅತ್ತ ಹೊರಟರು. ಮಗಳೂ ಹೊರಟಳು.

"ಅಪ್ಪ, ನೀನೂ ಬೇಗ ಬಾ. ದಾಟಿದ ಮೇಲೆ ನಾನು ಈ ಕಡೆ ಬರಕ್ಕಾಗಲ್ಲ. ಅಲ್ಲಿಂದ ಇಲ್ಲಿಗೆ ಮೆಸೇಜೂ ಬರಲ್ವಂತೆ."

"ಯಾಕಂತೆ?"

"ಹಂಗೇ ಮಾಡಿದಾರೆ. ನೀನು ಬಲ ಜಾಸ್ತಿ ಮಾಡ್ಕೋ, ಸಾಕು."

ಬಲ ಎಂದರೆ ಪ್ರತಿಯೊಬ್ಬ ವೀರನ ತಲೆಯ ಮೇಲೆ ಕಾಣುವ ಒಂದು ಅಂಕಿ. ಬಾಗಿಲು ದಾಟಲು ಬೇಕಾದಷ್ಟರಲ್ಲಿ ಅರ್ಧವೂ ಆಮೆಯ ತಲೆಯ ಮೇಲಿರಲಿಲ್ಲ. ಮಿಂಚುಳ್ಳಿ ಕೈಬೀಸಿ ಮಂಜಿನೊಳಗೆ ಮರೆಯಾದಳು. ಅವನು ಸ್ವಲ್ಪ ಹೊತ್ತು ಬಾಗಿಲ ಮುಂದೆ ಕತ್ತಿ ಹಿಡಿದು ನಿಂತಿದ್ದು, ಆಮೇಲೆ ಚಹಾದ ಲೋಟ ತೊಳೆಯಲು ಎದ್ದ.

ಅಲ್ಲಿಂದ ಶುರುವಾಯಿತು ಅವನ ಪಾಡು. ಬಲ ಹೆಚ್ಚಬೇಕಾದರೆ ದಿನದ ಕೆಲಸ ಎಂದು ಒಂದಷ್ಟು ಇವೆ, ಹಂದಿ ಹೊಡೆ, ಮೂಟೆ ಹೊರು, ಕಾವಲುಗಾರನಿಗೆ ಸೊಪ್ಪು ತಂದುಕೊಡು ಎಂಬಂಥವು. ಒಂದು ದಿನ ತಪ್ಪಿದರೆ ಹಿಂದಿನ ದಿನಗಳದ್ದೂ ತೊಳೆದುಹೋಗುತ್ತದೆ. ಕೆಲಸ ಮಾಡಿದರೆ ಕಲ್ಲು ಸಿಗುತ್ತದೆ, ಆ ಕಲ್ಲಿನಿಂದ ಕತ್ತಿ ಮಸೆಯಬೇಕು. ಮಸೆದರೆ ಹರಿತವಾದೀತು, ಆಗದಿದ್ದರೆ, ಅಯ್ಯೋ ಪಾಪ ಎಂದು ಒಂದು ಬೊಂಬೆ ಅತ್ತು, ಕತ್ತಿ ಮೊದಲಿಗಿಂತ ಮೊಂಡಾಗುತ್ತದೆ. ಇಂಥ ನಿಯಮವನ್ನು ಅನ್ನ ತಿನ್ನುವ ಮನುಷ್ಯ ಬರೆದನೇ ಎಂದು ಅವನಿಗೆ ಅನುಮಾನ ಬಂತು. ತನ್ನ ಲ್ಯಾಬಿನಲ್ಲಿ ಹಲ್ಲು ಉಜ್ಜಿದರೆ ಹೊಳೆಯುತ್ತದೆ. ಉಜ್ಜಿದ್ದಕ್ಕೆ ಶಿಕ್ಷೆ ಎಂಬುದನ್ನು ಅವನು ಕಂಡಿರಲಿಲ್ಲ.

ಇಷ್ಟನ್ನಾದರೂ ಹಲ್ಲು ಕಚ್ಚಿ ಮಾಡಿಯಾನು. ದೊಡ್ಡ ಬಲವೆಲ್ಲ ಸಿಗುವುದು ಐದು ಜನರ ಕಾಳಗದಲ್ಲಿ. ಅದು ನಡೆಯುವುದು ಮಧ್ಯಾಹ್ನ ಮಾತ್ರ. ಮಧ್ಯಾಹ್ನ ಕೆಲಸಕ್ಕೆ ಹೋಗುವವರು ಏನು ಮಾಡಬೇಕು? ಅದನ್ನು ಅವರು ಯೋಚಿಸಿದಂತಿಲ್ಲ. ದುಡ್ಡು ಕೊಟ್ಟರೂ ಬಲ ಸಿಗುವುದಿಲ್ಲ, ನಮ್ಮಲ್ಲಿ ಎಲ್ಲರೂ ಸಮಾನ ಎಂದು ಎದೆ ತಟ್ಟಿಕೊಂಡು ಬರೆದಿದ್ದರು. ಹೊತ್ತು ಇಲ್ಲದವನು ಯಾರ ಸಮಾನ ಎಂದು ಬರೆದಿರಲಿಲ್ಲ.

ಅವನು ಲ್ಯಾಬಿನ ಮೂಲೆಯಲ್ಲಿ ಮೊಬೈಲನ್ನು ಪ್ಲಾಸ್ಟರಿನ ಡಬ್ಬಕ್ಕೆ ಒರಗಿಸಿಟ್ಟು ಕಾಳಗಕ್ಕೆ ಸೇರಿದ. ಸೇರಲು ಸಾಲು, ಸಾಲು ಮುಂದೆ ಸರಿಯುವಷ್ಟರಲ್ಲಿ ಪ್ಲಾಸ್ಟರು ಕಲಸುವ ಹೊತ್ತು. ನೀರು ಬಿದ್ದ ಪ್ಲಾಸ್ಟರು ಕಾಯುವುದಿಲ್ಲ, ಕೈಯಲ್ಲೇ ಕಲ್ಲಾಗುತ್ತದೆ. ಕಾಳಗವೂ ಕಾಯುವುದಿಲ್ಲ, ನಿಲ್ಲಿಸುವ ಬಟನ್ನೇ ಇಲ್ಲ. ಒಂದು ಕೈಯಲ್ಲಿ ಬಟ್ಟಲು, ಒಂದು ಕೈಯಲ್ಲಿ ಗುರಾಣಿ. ಆಮೆ ನಿಂತಲ್ಲೇ ನಿಂತು ಹೊಡೆತ ತಿನ್ನುತ್ತಿದ್ದರೆ ಕಾಣದ ನಾಲ್ವರು, "ಯಾರಪ್ಪ ಇವ್ನು ಆಮೆ, ಹೆಸರಿಗೆ ತಕ್ಕ ಹಂಗಿದಾನೆ, ಹೊರಗೆ ಹಾಕ್ರೋ" ಎಂದು ಮುಖಕ್ಕೆ ಮಂಗಳಾರತಿ ಎತ್ತಿದರು. ನಡುವೆ ಬಿಟ್ಟುಬಂದರೆ ಮೂರು ದಿನ ಕಾಳಗಕ್ಕೆ ನಿಷೇಧ. ಅವನು ಬಿಟ್ಟುಬರಲಿಲ್ಲ, ಪ್ಲಾಸ್ಟರನ್ನು ಬಿಟ್ಟ. ಆ ಅವಸರದಲ್ಲಿ ಅಚ್ಚನ್ನು ತಟ್ಟುವುದು ಮರೆತ.

ವಾರದೊಳಗೆ ಆ ಸೆಟ್ಟು ಹಿಂದಕ್ಕೆ ಬಂತು. ಗಾಳಿಗುಳ್ಳೆಯ ಜಾಗದಲ್ಲಿ ಒಂದು ಗಂಟು ಉಳಿದು, ಹಾಕಿಕೊಂಡ ಹೆಂಗಸಿನ ಅಂಗುಳಕ್ಕೆ ಚುಚ್ಚಿ ಹುಣ್ಣಾಗಿತ್ತು. ಲ್ಯಾಬಿನ ಒಡತಿ ಸೆಟ್ಟನ್ನು ಅವನ ಮೇಜಿನ ಮೇಲಿಟ್ಟರು. ಅವರಿಗೆ ಕೂಗಾಡಿ ಅಭ್ಯಾಸವಿಲ್ಲ.

"ಮೇಷ್ಟ್ರೇ, ಇದು ನಿಮ್ಮ ಕೈಕೆಲಸ ಅಂತ ಹೇಳಕ್ಕೆ ನಂಗೇ ನಾಚಿಕೆ ಆಯ್ತು. ಆ ಫೋನನ್ನ ನಾಳೆಯಿಂದ ನನ್ನ ಟೇಬಲ್ ಮೇಲಿಡಿ. ಹೋಗೋವಾಗ ತಗೊಂಡು ಹೋಗಿ."

"ಮೇಡಂ, ಚಹಾದ ಹೊತ್ತಲ್ಲಿ ಮಾತ್ರ..."

"ಯಾವ ಹೊತ್ತಲ್ಲೂ ಬೇಡ."

ಅವನು, "ಮಗಳು..." ಎಂದು ಬಾಯಿ ತೆರೆದವನು ಮುಚ್ಚಿಕೊಂಡ. ಮಗಳ ಜೊತೆ ಮಾತಾಡಲು ಹಂದಿ ಹೊಡೆಯಬೇಕು ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು? ಹೇಳಿದರೂ ಯಾರಿಗೆ ಅರ್ಥವಾದೀತು?

ಋತು ಮುಗಿಯುವ ದಿನ ಹತ್ತಿರ ಬಂತು. ಮುಗಿದರೆ ಬಾಗಿಲಿಗೆ ಬೇಕಾದ ಬಲ ಇನ್ನೂ ಏರುತ್ತದಂತೆ. ಅವನಿಗೆ ಊಟ ಸೇರಲಿಲ್ಲ. ಭಾನುವಾರದ ಫೋನಿನಲ್ಲಿ ಮಗಳು ಒಂದೇ ಮಾತು ಕೇಳಿದಳು, "ಎಷ್ಟಾಯ್ತು?" ಎಂದು. ಇವನು, "ಆಗ್ತಿದೆ ಪುಟ್ಟಿ" ಎಂದ. "ಬೇಗ ಬಾ, ನಿನ್ ಹತ್ರ ಒಂದು ಹೇಳ್ಬೇಕು" ಎಂದಳು. ಈಗಲೇ ಹೇಳು ಎನ್ನಲು ಹೋದ. ಅಷ್ಟರಲ್ಲಿ ಊಟದ ಮೇಜಿನ ತಟ್ಟೆಗಳ ಸದ್ದು ಕೇಳಿ, ಅವಳು ಅಲ್ಲಿ ಹೇಳಲಾರಳು ಎಂಬುದು ಅವನಿಗೂ ತಿಳಿಯಿತು. ಫೋನಿಟ್ಟ ಮೇಲೆ ಅದೇ ಯೋಚನೆ. ಏನಿರಬಹುದು? ಹುಷಾರಿಲ್ಲವೇ? ಯಾರಾದರೂ ಏನಾದರೂ ಅಂದರೇ?

ಆಗ ಮುಂದೆ ಬಂದವಳು ಅಕ್ಕ. ಅಂಚೆ ಕಚೇರಿಯಿಂದ ನಿವೃತ್ತಳಾಗಿ ತಮ್ಮನ ಜೊತೆಗೇ ಇದ್ದವಳು, ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡು, ಮಂಚದ ಮೇಲೆ ಕಾಲಿಗೆ ದಿಂಬು ಕೊಟ್ಟು ಕೂತಿದ್ದಳು. ಟೀವಿಯ ಧಾರಾವಾಹಿಗಳೆಲ್ಲ ಮುಗಿದು, ಅದರ ಜಾಹೀರಾತುಗಳೂ ಬಾಯಿಪಾಠವಾಗಿದ್ದವು.

"ಏನೋ ಅದು, ಮೂರು ಹೊತ್ತೂ ತಲೆ ಮೇಲೆ ಕೈ ಹೊತ್ಕೊಂಡು ಕೂತಿರ್ತೀಯಲ್ಲ? ಮಧ್ಯಾಹ್ನ ಆಡ್ಬೇಕು ಅಷ್ಟೇ ತಾನೇ? ನಂಗೆ ಕೊಡು. ನಂಗೇನು ಓಡ್ಹೋಗೋ ಕೆಲಸ ಇದೆಯಾ ಈ ಕಾಲಲ್ಲಿ?"

"ನಿಂಗೆ ಬರಲ್ಲ ಕಣೇ ಅಕ್ಕ. ಜನ ಬಯ್ತಾರೆ ಅದ್ರಲ್ಲಿ."

"ಕೌಂಟರಲ್ಲಿ ಕೂತು ನಾನು ತಿಂದಿರೋ ಬೈಗುಳ ಯಾರು ತಿಂದಿದಾರೋ? ಕೊಡು ಇತ್ಲಾಗೆ."

ಅವಳ ಮೊಬೈಲಿನಲ್ಲಿ ಆಮೆಯ ಹೆಸರು, ಗುಟ್ಟಿನ ಪದ ಹಾಕಿಕೊಟ್ಟ. ಯಾವುದು ಕತ್ತಿ, ಯಾವುದು ಗುರಾಣಿ ತೋರಿಸಿದ. ಅಕ್ಕ ಎರಡು ದಿನ ಸತ್ತಳು, ಮೂರನೆಯ ದಿನ ಯಾರನ್ನೋ ಕೊಂದಳು, ನಾಲ್ಕನೆಯ ದಿನದಿಂದ ಇವನು ಮನೆಗೆ ಬಂದರೆ ಕಾಲಿನ ನೋವಿನ ಸುದ್ದಿಯೇ ಇಲ್ಲ. "ಆ ಮಂತ್ರವಾದಿ ಇದಾನಲ್ಲ, ಹಿಂದ್ಗಡೆಯಿಂದ ಬಂದು ಹೊಡೀತಾನೆ ಕಳ್ಳ. ಇವತ್ತು ಸಿಕ್ಕಿದ, ತೊಳೆದುಬಿಟ್ಟೆ" ಎಂದು ಕಣ್ಣು ಕೆಂಪು ಮಾಡಿಕೊಂಡು ಹೇಳುವಳು. ಬಲ ದಿನದಿನಕ್ಕೆ ಏರಿತು. ಅವನು ಎಷ್ಟೋ ದಿನಗಳ ಮೇಲೆ ತಟ್ಟೆಯಲ್ಲಿ ಎರಡನೆಯ ಸಲ ಅನ್ನ ಹಾಕಿಸಿಕೊಂಡ. ಮಗಳ ಮನೆಯ ಬಾಗಿಲಿನ ಕೀಲಿಯನ್ನು ಇನ್ನೊಬ್ಬರ ಕೈಗೆ ಕೊಟ್ಟಿದ್ದೇನೆ ಎಂದು ಅವನಿಗೆ ಹೊಳೆಯಲೇ ಇಲ್ಲ. ಅಕ್ಕ ಬೇರೆಯವಳೇ?

ಋತು ಮುಗಿಯುವ ಹಿಂದಿನ ದಿನ ಅವನು ಕೆಲಸದಿಂದ ಬರುವಷ್ಟರಲ್ಲಿ ಅಕ್ಕ ಮಂಚದ ಮೇಲೆ ರಾಣಿಯ ಹಾಗೆ ಕೂತಿದ್ದಳು.

"ದಾಟಿಸಿದೆ ಕಣೋ! ಬಾಗಿಲ ಅಂಗಳದಲ್ಲಿ ಒಬ್ಬ ರಾಕ್ಷಸ ಇರ್ತಾನೆ, ಅವನನ್ನ ಹೊಡೆದ್ರೇನೇ ಬಿಡೋದು. ಹೊಡೆದು ದಾಟಿಸಿದೆ. ನಿನ್ನ ಮಗಳೂ ಬಂದಿದ್ಲು."

ಅವನು ಚಪ್ಪಲಿ ಬಿಡುತ್ತಿದ್ದವನು ಹಾಗೇ ನಿಂತ. "ಪುಟ್ಟಿ ಬಂದಿದ್ಲಾ? ಮಧ್ಯಾಹ್ನ?"

"ಸ್ಕೂಲಿಗೆ ರಜ ಇತ್ತೇನೋ. ಬಲ ಸಾಕಾದವರು ಅಂಗಳಕ್ಕೆ ಕಾಲಿಟ್ರೆ ಆಚೆ ಕಡೆಯವರೂ ಅಲ್ಲಿವರೆಗೆ ಬರ್ಬೋದಂತೆ, ಓಡಿ ಬಂದ್ಲು. ಏನೇನೋ ಬರೀತಿದ್ಲು, ಉದ್ದುದ್ದ. ಆ ಬರೆದದ್ದು ನೋಡು, ಸರಿಯಾಗಿ ಕತ್ತಿ ಬಟನ್ ಮೇಲೇ ಬಂದು ಕೂತ್ಕೊಳತ್ತೆ. ಯಾರು ಮಾಡಿದ್ರೋ ಅದನ್ನ! ರಾಕ್ಷಸ ನೋಡಿದ್ರೆ ಮುಂದೇನೇ ಇದಾನೆ. ಕೆಳಗೆ ರೆಡಿ ಉತ್ತರಗಳು ಇರತ್ವಲ್ಲ, ಸರಿ, ಆಗಲಿ, ಮುಂದೆ ನಡಿ ಅಂತ? ಅದರಲ್ಲಿ ಒಂದು ಒತ್ತಿದ್ರೆ ಮುಚ್ಕೊಳತ್ತೆ. ನಾನು ಸರಿ, ಸರಿ ಅಂತ ಒತ್ತಿ ಮುಚ್ಚಿದೆ."

"ಏನು ಬರೆದಿದ್ಲು?"

"ಓದೋಕೆ ಎಲ್ಲಿತ್ತೋ ಪುರುಸೊತ್ತು? ನೀನೇ ನೋಡು, ಇರತ್ತೆ."

ಅವನು ನೋಡಿದ. ಇರಲಿಲ್ಲ. ಬಾಗಿಲು ದಾಟಿದರೆ ಹಳೆಯ ಸೀಮೆಯ ಮಾತೆಲ್ಲ ಅಳಿಸಿಹೋಗುತ್ತದೆ. ಅದು ಆಟದ ನಿಯಮ. ಸತ್ತ ಹಂದಿಗಳ ಲೆಕ್ಕ ಇತ್ತು, ಕಿತ್ತ ಸೊಪ್ಪಿನ ಲೆಕ್ಕ ಇತ್ತು. ಒಂದು ಹೆಣ್ಣುಮಗು ತನ್ನ ಅಪ್ಪನಿಗೆ ಬರೆದದ್ದು ಮಾತ್ರ ಇರಲಿಲ್ಲ. ಅವನು ಮೊಬೈಲನ್ನು ಆಚೆ ಈಚೆ ತಿರುಗಿಸಿದ, ಮುಚ್ಚಿ ತೆರೆದ, ಆಟದ ಕಚೇರಿಗೆ ದೂರು ಬರೆದ. ನಿಮ್ಮ ಅನುಭವ ನಮಗೆ ಅಮೂಲ್ಯ ಎಂದು ತಟಕ್ಕನೆ ಉತ್ತರ ಬಂತು. ಅವನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಮರುದಿನ, ಅದರ ಮರುದಿನ, ಕೆಲಸ ಬಿಟ್ಟ ಕೂಡಲೇ ಬಸ್‌ಸ್ಟಾಪಿನಲ್ಲಿ ನಿಂತು ಹಿಮದ ನಾಡಿನಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಕಾದ. ಮಿಂಚುಳ್ಳಿ ಬರಲಿಲ್ಲ. ಭಾನುವಾರ ಫೋನಿನಲ್ಲಿ ಮೆಲ್ಲಗೆ ಕೇಳಿದ:

"ಪುಟ್ಟಿ, ಅವತ್ತು ಬಾಗಿಲ ಹತ್ರ ಬರೆದಿದ್ಯಲ್ಲ..."

"ಹೂಂ. ನೀನು ಸರಿ ಅಂದ್ಯಲ್ಲ."

"ಅಂದೆ. ಅಂದ್ರೆ... ನೀನು ಅದನ್ನ..."

"ಸರಿ ಬಿಡಪ್ಪ. ಮುಗೀತು." ಸ್ಪೀಕರಿನ ಆಚೆ ಯಾರೋ ಕುರ್ಚಿ ಎಳೆದರು. ಅವಳು ಓದುವುದಿದೆ ಎಂದು ಫೋನಿಟ್ಟಳು.

ತಾನು ಏನಕ್ಕೆ ಒಪ್ಪಿದ್ದೇನೆ ಎಂಬುದೇ ತಿಳಿಯದ ಮನುಷ್ಯನ ಸಂಕಟ ಎಂಥದ್ದು ಎಂದು ಅದನ್ನು ಉಂಡವನಿಗೇ ಗೊತ್ತು. ಮೇಣದಲ್ಲಿ ನಿಲ್ಲಿಸಿದ ಹಲ್ಲನ್ನೇ ಕಿತ್ತು ಮತ್ತೆ ನಿಲ್ಲಿಸಿದ. ಅಕ್ಕನ ಮುಖ ನೋಡಿದರೆ ರೇಗಿತು. ಅವಳದೇನು ತಪ್ಪು ಎಂದು ತನ್ನ ಮೇಲೇ ರೇಗಿತು. ಅಕ್ಕನೂ ಆಮೇಲೆ ಮೊಬೈಲು ಮುಟ್ಟಲಿಲ್ಲ, ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು.

ಎಷ್ಟೋ ಸಂಜೆಗಳಾದ ಮೇಲೆ ಕೊನೆಗೊಮ್ಮೆ, ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಅವನು ಕೂತಿದ್ದಾಗ ಮಿಂಚುಳ್ಳಿ ಬಂದಳು. ಹಿಮದ ಗುಡ್ಡದ ಕೆಳಗೆ ಆಮೆಯ ಪಕ್ಕದಲ್ಲಿ ನಿಂತಳು. ಬಸ್ಸು ಬಂತು, ಹೋಯಿತು. ಅವನು ಹತ್ತಲಿಲ್ಲ. ನೇರ ಹೇಳಿಬಿಡುವುದೇ ಸರಿ ಎಂದು ಗಟ್ಟಿ ಮನಸ್ಸು ಮಾಡಿದ.

"ಪುಟ್ಟಿ, ಅವತ್ತು ಬಾಗಿಲ ಹತ್ರ ಇದ್ದದ್ದು ನಾನಲ್ಲ. ಅತ್ತೆ. ನಂಗೆ ಮಧ್ಯಾಹ್ನ ಆಡಕ್ಕೆ ಆಗ್ತಿರ್ಲಿಲ್ಲ, ಬೇಗ ನಿನ್ನ ಹತ್ರ ಬರ್ಲಿ ಅಂತ ಅವಳ ಕೈಗೆ ಕೊಟ್ಟಿದ್ದೆ."

ಮಿಂಚುಳ್ಳಿ ಆಮೆಯ ಕಡೆ ತಿರುಗಿದಳು.

"ಅತ್ತೆ ಓದಿದ್ರಾ ನಾನು ಬರೆದಿದ್ದು?"

"ಇಲ್ಲ. ಕತ್ತಿ ಬಟನ್ ಮೇಲೆ ಬಂತು ಅಂತ ಮುಚ್ಚಿಬಿಟ್ಲು. ನಾನು ನೋಡೋಷ್ಟರಲ್ಲಿ ಅಳಿಸಿಹೋಗಿತ್ತು."

"ಅಂದ್ರೆ ಯಾರೂ ಓದಿಲ್ವಾ?"

"ಇಲ್ಲ ಮಗಳೇ. ಈಗ ಹೇಳು. ನಾನೇ ಓದ್ತೀನಿ."

ಅವಳು ಬರೆದಳು. ತುಂಡು ತುಂಡಾಗಿ ಬಂತು.

"ಅಮ್ಮನ ಫ್ರೆಂಡ್ ಅಂಕಲ್ ಇದಾರಲ್ಲ, ಅವ್ರು ನಮ್ಮನೇಲೇ ಇರಕ್ಕೆ ಬರ್ತಾರೆ ಅಂತ ಅಮ್ಮ ಹೇಳಿದ್ರು."

"ಅವ್ರನ್ನ ಅಪ್ಪ ಅಂತ ಕರಿ ಅಂದ್ರು."

"ನಾನು ನಿನ್ನ ಕೇಳ್ದೆ. ನೀನು ಬೇಡ ಅಂದ್ರೆ ಕರೆಯಲ್ಲ ಅಂತ ಬರೆದೆ. ಎರಡು ಸಲ ಬರೆದೆ."

"ನೀನು ಸರಿ ಅಂದೆ. ಎರಡು ಸಲಾನೂ."

ಅವನು ಎದ್ದು ನಿಂತ. ಪಕ್ಕದಲ್ಲಿದ್ದವರು ಬಸ್ಸು ಬಂತೇ ಎಂದು ರಸ್ತೆ ನೋಡಿದರು. "ಬೇಡ ಅಂತಿದ್ದೆ ಪುಟ್ಟಿ. ನಾನಾಗಿದ್ರೆ ಬೇಡ ಅಂತಿದ್ದೆ" ಎಂದು ಬರೆದ.

"ಈಗ ಬರೀತಿರೋದು ಯಾರು?"

"ನಾನೇ. ಅಪ್ಪ."

"ಹೆಂಗೆ ಗೊತ್ತಾಗ್ಬೇಕು?"

ಬೆಂಚಿನ ಮೇಲೆ ನಿಂತದ್ದು, ಗೆಳತಿಯ ಕಥೆ, ಲೆಕ್ಕದ ಮಿಸ್ಸು, ಯಾವುದನ್ನು ಹೇಳಲಿ ಎಂದು ಹುಡುಕಿದ. ಅದನ್ನೆಲ್ಲ ಸಂತೋಷ ತಡೆಯಲಾರದೆ ತಾನೇ ಊಟಕ್ಕೆ ಕೂತಾಗ ಅಕ್ಕನಿಗೆ ಹೇಳಿದ್ದ. ಮಗಳಿಗೂ ಅದು ಹೊಳೆದಿರಬೇಕು. ಮಿಂಚುಳ್ಳಿ ಮಾಯವಾದಳು, ಹಿಮ ಬೀಳುವ ಜಾಗದಲ್ಲಿ ಆಮೆ ಒಂದೇ ಉಳಿಯಿತು.

ಅವನು ಫೋನು ಹಚ್ಚಿದ. ಭಾನುವಾರವಲ್ಲ, ಆ ಹೊತ್ತೂ ಅಲ್ಲ. ಎತ್ತಿದವಳು ಅವಳ ತಾಯಿ.

"ಹೇಳಿ. ಏನು, ಈ ಹೊತ್ತಲ್ಲಿ?"

"ಪುಟ್ಟಿಗೆ ಕೊಡು. ಒಂದೇ ಒಂದು ನಿಮಿಷ. ನನ್ನ ದನಿ ಕೇಳಿಸಿದ್ರೆ ಸಾಕು."

"ಈಗ ತಾನೇ ಟ್ಯಾಬ್ ಬಿಸಾಕಿ ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡ್ಲು. ಏನಂದ್ರಿ ಅವಳಿಗೆ?"

ಅಷ್ಟರಲ್ಲಿ ಅತ್ತ ಬಾಗಿಲು ತೆರೆದ ಸದ್ದಾಯಿತು. ಮಗಳ ದನಿ, ಅತ್ತು ಮೂಗು ಕಟ್ಟಿದ ದನಿ, ಕಿವಿಯ ಪಕ್ಕದಲ್ಲೇ ಇದ್ದಷ್ಟು ಚೆನ್ನಾಗಿ ಕೇಳಿತು.

"ಅಪ್ಪಾ..."

"ಆಂ ಪುಟ್ಟಿ, ಹೇಳು, ಇಲ್ಲೇ ಇದೀನಿ!" ಅವನು ಬಸ್‌ಸ್ಟಾಪಿನಲ್ಲಿ ಕೂಗಿದ.

"...ನನ್ನ ಟ್ಯಾಬ್ ಚಾರ್ಜರ್ ಎಲ್ಲಿಟ್ರಿ?"

"ಟೀವಿ ಹಿಂದ್ಗಡೆ ಇದೆ ನೋಡಮ್ಮ" ಎಂದಿತು ಒಂದು ಗಂಡಸಿನ ದನಿ, ಮೃದುವಾಗಿ.

ಬಸ್ಸು ಬಂದು ನಿಂತಿತು. ಜನ ಅವನನ್ನು ತಳ್ಳಿಕೊಂಡು ಹತ್ತಿದರು.

"ಹಲೋ? ಕೇಳಿಸ್ತಿದೆಯಾ? ಏನೋ ಅಂದ್ರಲ್ಲ ಈಗ?" ಎಂದಳು ಅವಳ ತಾಯಿ.

"ಏನಿಲ್ಲ" ಎಂದ ಅವನು.